ಬೆಲ್ಲದ ಛತ್ರಕ್ಕೆ ಮೂರು ಅರ್ಜಿ

ಮದ್ದೂರಿನ ಪೇಟೆಬೀದಿಯಲ್ಲಿ ಅರ್ಜಿ ಬರೆಯುತ್ತಿದ್ದ ಅರುಂಧತಿಗೆ ಒಂದು ಹೆಸರಿತ್ತು. ಅವಳ ಕೈಯಲ್ಲಿ ಬರೆಸಿದ ಅರ್ಜಿಯನ್ನು ಸಾಹೇಬರು ಕೊನೆಯವರೆಗೂ ಓದುತ್ತಾರೆ ಎನ್ನುತ್ತಿದ್ದರು. ಕೆಲಸ ಆಗುತ್ತದೆ ಎಂದು ಯಾರೂ ಹೇಳುತ್ತಿರಲಿಲ್ಲ, ಓದುತ್ತಾರೆ ಎಂದಷ್ಟೇ. ಅದೂ ಸಣ್ಣ ಮಾತಲ್ಲವಾದ್ದರಿಂದ ಪಿಂಚಣಿ ನಿಂತವರು, ಪಹಣಿಯಲ್ಲಿ ಅಪ್ಪನ ಹೆಸರು ಹೋಗಿ ದಾಯಾದಿಯ ಹೆಸರು ಬಂದವರು, ತಮ್ಮನ ಮೇಲೆ ದೂರು ಬರೆಸಲು ಬಂದು ಅರ್ಧ ಬರೆಸಿದ ಮೇಲೆ ಅತ್ತು ಎದ್ದುಹೋಗುವವರು, ಎಲ್ಲರೂ ಬೆಳಿಗ್ಗೆ ಹತ್ತಕ್ಕೆಲ್ಲ ಬೆಲ್ಲದ ಛತ್ರದ ಜಗುಲಿಯ ಮುಂದೆ ಸೇರುತ್ತಿದ್ದರು.

ಬಾಗಿಲ ಮೇಲಿನ ಕಲ್ಲಿನಲ್ಲಿ ಕೊರೆದಿದ್ದ ಹೆಸರು ‘ಶ್ರೀ ನಂಜಪ್ಪಶೆಟ್ಟರ ಧರ್ಮಛತ್ರ, ೧೯೧೧’. ಶೆಟ್ಟರು ಬೆಲ್ಲದ ಮಂಡಿ ನಡೆಸುತ್ತಿದ್ದರಿಂದ ಊರ ಬಾಯಲ್ಲಿ ಅದು ಬೆಲ್ಲದ ಛತ್ರವೇ ಆಯಿತು. ಮೊಳದಗಲದ ಗಾರೆ ಗೋಡೆ, ಒಳಗೆ ತೊಟ್ಟಿ, ಬೀದಿಯ ಕಡೆಗೆ ಆರು ಕಲ್ಲುಕಂಬಗಳ ಉದ್ದನೆಯ ಜಗುಲಿ. ರೈಲಿಳಿದು ಬಂದವರು ಉಂಡು ಮಲಗುತ್ತಿದ್ದ ಕಾಲ ಮುಗಿದ ಮೇಲೆ ಛತ್ರದ ಟ್ರಸ್ಟಿನವರು ಒಳಗಿನ ಕೋಣೆಗಳನ್ನು ಒಂದು ಸರ್ಕಾರಿ ಕಚೇರಿಗೆ ಬಾಡಿಗೆಗೆ ಕೊಟ್ಟಿದ್ದರು. ಯಾವ ಕಚೇರಿ ಎಂದು ಹೇಳಬೇಕಾಗಿಲ್ಲ. ಜನ ಬೆಳಿಗ್ಗೆ ಬಂದು ‘ನಾಳೆ ಬನ್ನಿ’ ಅನ್ನಿಸಿಕೊಂಡು ಹೋಗುತ್ತಿದ್ದ ಕಚೇರಿ ಎಂದರೆ ಸಾಕು.

ಆ ಜಗುಲಿಯ ಮೇಲೆ ಅರುಂಧತಿ ಸುಮ್ಮನೆ ಹೋಗಿ ಕೂತವಳಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಭತ್ತದ ತಾಕುಗಳ ಕೂಲಿಯಾಗಿದ್ದ ಲಿಂಗಯ್ಯನ ಮಗಳು ಅವಳು. ಬಿ.ಎ. ಮುಗಿಸಿ, ಟೈಪಿಂಗ್ ಸೀನಿಯರ್ ಪಾಸು ಮಾಡಿ, ೧೯೯೭ರಲ್ಲಿ ಒಂದು ಮಡಚುವ ಮೇಜು ಹಿಡಿದು ಪೇಟೆಬೀದಿಗೆ ಬಂದಾಗ ಜಗುಲಿಯ ತುಂಬ ಗಂಡಸರೇ ಇದ್ದರು. ಅವಳು ಚರಂಡಿಯ ಪಕ್ಕದ ಬೇವಿನ ಮರದ ಕೆಳಗೆ ಕೂತಳು. ಮೊದಲ ಮಳೆಗೆ ಕಾಗದ ಎದೆಗವಚಿಕೊಂಡು ಜಗುಲಿ ಹತ್ತಿದಳು. ಟ್ರಸ್ಟಿನ ಮ್ಯಾನೇಜರು ಒಳಗಿಂದ ಬಂದು, “ಇದು ಧರ್ಮದ ಜಾಗ ಕಣಮ್ಮ, ಎಲ್ರೂ ಅಂಗೆ ಅತ್ತಂಗಿಲ್ಲ” ಎಂದರು. ಅರುಂಧತಿ ಜಗಳವಾಡಲಿಲ್ಲ. ಮರದ ಕೆಳಕ್ಕೆ ಹೋಗಿ ಒಂದು ಅರ್ಜಿ ಬರೆದಳು. ಧರ್ಮದ ಜಾಗದಲ್ಲಿ ಯಾರು ಯಾರು ಕೂರಬಹುದು, ಯಾರು ಯಾರು ಕೂರಬಾರದು ಎಂಬ ಪಟ್ಟಿಯನ್ನು ಸಹಿ ಮತ್ತು ಮೊಹರಿನೊಂದಿಗೆ ಲಿಖಿತವಾಗಿ ದಯಪಾಲಿಸಬೇಕು ಎಂದು. ತಾಲ್ಲೂಕಿನಿಂದ ಜಿಲ್ಲೆಯವರೆಗೆ ಹನ್ನೊಂದು ಜನ ಸಾಹೇಬರಿಗೆ ಪ್ರತಿ ಕಳಿಸಿದಳು. ಮನಸ್ಸಿನಲ್ಲಿ ಆ ಪಟ್ಟಿ ಎಲ್ಲರ ಹತ್ತಿರವೂ ಇತ್ತು, ಕಾಗದದ ಮೇಲೆ ಇಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಮುಂದಿನ ಸೋಮವಾರ ಮ್ಯಾನೇಜರೇ ಬಂದು ಕೊನೆಯ ಕಂಬದ ಪಕ್ಕ ಜಾಗ ತೋರಿಸಿದರು.

ಇಪ್ಪತ್ತಾರು ವರ್ಷ ಕಳೆಯಿತು. ಆ ಗಂಡಸರಲ್ಲಿ ಕೆಲವರು ಸತ್ತರು, ಕೆಲವರು ಕಂಪ್ಯೂಟರಿಗೆ ಹೆದರಿ ಮನೆಯಲ್ಲೇ ಉಳಿದರು. ಕೊನೆಗೆ ಉದ್ದ ಜಗುಲಿಗೆಲ್ಲ ಅವಳೊಬ್ಬಳೇ ಆಗಿ, ಆಟೊದವರು ಅದನ್ನು ‘ಅರುಂಧತಮ್ಮನ ಜಗುಲಿ’ ಎನ್ನತೊಡಗಿದರು.

೨೦೨೩ರ ಬೇಸಿಗೆಯಲ್ಲಿ ಟ್ರಸ್ಟಿನ ಕಾರ್ಯದರ್ಶಿ ಜಯಪ್ರಕಾಶ್ ಅವಳ ಮೇಜಿನ ಮುಂದೆ ಬಂದು ಕೂತ. ಊರಾಚೆ, ಪೇಟೆಯಿಂದ ಆರು ಕಿಲೋಮೀಟರು ದೂರದಲ್ಲಿ ಅವನ ಮನೆತನದ ಕಬ್ಬಿನ ಗದ್ದೆಗಳಿದ್ದವು. ಈಗ ಅಲ್ಲಿ ಕಬ್ಬಿನ ಬದಲು ಬಿಳಿ ಬಣ್ಣ ಬಳಿದ ಗಡಿಕಲ್ಲುಗಳು ಎದ್ದಿದ್ದವು. ಹೆಸರು ‘ವೈಕುಂಠ ಹೆರಿಟೇಜ್ ಲೇಔಟ್’. ನೂರಾ ಎಂಬತ್ತು ಸೈಟುಗಳಲ್ಲಿ ಬಹುಪಾಲು ಮಾರಾಟವಾಗಿದ್ದವು, ಮನೆ ಮಾತ್ರ ಮೂರು ಎದ್ದಿದ್ದವು. ಉಳಿದ ಸೈಟುಗಳಲ್ಲಿ ಕುರಿಗಳು ಯಾವ ಕ್ರಯಪತ್ರವೂ ಇಲ್ಲದೆ ಮೇಯುತ್ತಿದ್ದವು. ಜನ ಅತ್ತ ಬರಬೇಕಾದರೆ ಅಲ್ಲೊಂದು ಸರ್ಕಾರಿ ಕಚೇರಿ ಬರಬೇಕು ಎಂದು ಜಯಪ್ರಕಾಶನಿಗೆ ಹೊಳೆದಿತ್ತು. ಕಚೇರಿಗೆಂದು ಒಂದು ಕಟ್ಟಡವನ್ನೂ ಎಬ್ಬಿಸಿದ್ದ. ಆದರೆ ಕಚೇರಿ ಹೊರಡಬೇಕಾದರೆ ಛತ್ರ ಅಪಾಯಕಾರಿ ಆಗಬೇಕಿತ್ತು.

“ಅರುಂಧತಮ್ಮ, ಒಂದು ಖಡಕ್ಕಾದ ಅರ್ಜಿ ಬೇಕಲ್ಲ.”

“ಯಾರ ಮೇಲೆ ಜಯಣ್ಣ?”

“ಯಾರ ಮೇಲೂ ಅಲ್ಲ ಕಣಮ್ಮ, ಇದ್ರ ಮೇಲೆ” ಎಂದು ಅವಳು ಒರಗಿದ್ದ ಕಂಬಕ್ಕೆ ಅಂಗೈಯಿಂದ ಬಡಿದ. ಕಂಬಕ್ಕೆ ಏನೂ ಆಗಲಿಲ್ಲ. ಅವನು ಅಂಗೈ ಉಜ್ಜಿಕೊಂಡ. “ಇವತ್ತೋ ನಾಳೆಯೋ ಬಿದ್ದೋಯ್ತದೆ. ಜನ ಸತ್ರೆ ಯಾರು ಜವಾಬ್ದಾರಿ? ಅಂಗೇ ಬರಿ.”

“ಇವತ್ತು ಅಂತ ಬರೀಲೋ, ನಾಳೆ ಅಂತ ಬರೀಲೋ?”

“ಯಾವುದೇ ಕ್ಷಣದಲ್ಲಿ ಅಂತ ಬರಿ. ಎಲ್ಲಾ ಸೇರ್ಕತದೆ.”

ಅರುಂಧತಿ ಬರೆದಳು. ‘ಸದರಿ ಕಟ್ಟಡವು ಸಂಪೂರ್ಣ ಶಿಥಿಲಗೊಂಡಿದ್ದು, ಯಾವುದೇ ಕ್ಷಣದಲ್ಲಿ ಕುಸಿದು ಅಪಾರ ಪ್ರಾಣಹಾನಿ ಸಂಭವಿಸುವ ಸಾಧ್ಯತೆ ಇರುವುದರಿಂದ’ ಎಂದು ಶುರುವಾಗಿ ಎರಡು ಪುಟ ಹಿಡಿಯಿತು. ಮುಗಿಯುವವರೆಗೆ ಜಯಪ್ರಕಾಶ್ ಆ ಪ್ರಾಣಹಾನಿಯ ಕೆಳಗೇ ಒಂದು ಗಂಟೆ ಕೂತು, ವಡೆ ತರಿಸಿ ತಿಂದು, ತಣ್ಣನೆಯ ನೆರಳಿಗೆ ಸ್ವಲ್ಪ ತೂಕಡಿಸಿದ.

ಅವಳಿಗೇನೂ ತಪ್ಪು ಮಾಡಿದೆ ಅನ್ನಿಸಲಿಲ್ಲ. ಭಾಗದ ಜಗಳದಲ್ಲಿ ಬೆಳಿಗ್ಗೆ ಅಣ್ಣನಿಗೆ, ಮಧ್ಯಾಹ್ನ ತಮ್ಮನಿಗೆ ಬರೆದುಕೊಟ್ಟು ಇಬ್ಬರಿಂದಲೂ ಕೈಮುಗಿಸಿಕೊಂಡವಳು. ಹೇಳುವವರು ಹೇಳುತ್ತಾರೆ, ಬರೆಯುವವಳು ಬರೆಯುತ್ತಾಳೆ. ಆ ಲೆಕ್ಕದಲ್ಲೇ ಬದುಕಿದ್ದಳು.

ಎರಡು ವಾರಕ್ಕೆ ಇನ್ನೊಂದು ಗುಂಪು ಬಂತು. ‘ಪೇಟೆ ಪರಂಪರೆ ಉಳಿಸಿ ವೇದಿಕೆ’ ಎಂದು ಅದರ ಹೆಸರು. ಅಧ್ಯಕ್ಷ ಸ್ವರೂಪ್, ಮನೆಗಳ ಒಳಾಂಗಣ ಅಲಂಕಾರ ಮಾಡಿಸಿಕೊಡುವ ಕಂಪನಿ ಇಟ್ಟುಕೊಂಡವನು. ವೇದಿಕೆಯ ಹನ್ನೊಂದು ಮಂದಿ ಸದಸ್ಯರೂ ಪೇಟೆಯಲ್ಲಿ ಹುಟ್ಟಿದವರೇ, ಹನ್ನೊಂದು ಜನರೂ ಪೇಟೆಯ ಹಂಚಿನ ಮನೆಗಳನ್ನು ಅಂಗಡಿ ಮಳಿಗೆಗಳಿಗೆ ಮಾರಿ ಊರಾಚೆಯ ಲೇಔಟುಗಳಲ್ಲಿ ಮನೆ ಕಟ್ಟಿಕೊಂಡವರೇ. ಹೇಳಿದ ಹೊತ್ತಿಗೆ ಬರಲು ತಡವಾದದ್ದಕ್ಕೆ ಕ್ಷಮೆ ಕೇಳಿದರು. ಪೇಟೆಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲವಂತೆ.

“ಮೇಡಂ, ಇದು ನಮ್ಮೂರಿನ ಹೆಮ್ಮೆ” ಎಂದ ಸ್ವರೂಪ್ ಭಾವುಕನಾಗಿ. “ಉಳಿಸಲೇಬೇಕು. ‘ಜಾತಿ ಮತಗಳ ಭೇದವಿಲ್ಲದೆ ಸಕಲರಿಗೂ ಅನ್ನವಿಕ್ಕಿದ ಪುಣ್ಯತಾಣ’ ಅಂತ ಬರೀರಿ.”

ಅರುಂಧತಿಯ ಪೆನ್ನು ನಿಂತಿತು. ಹೇಳಿದ್ದನ್ನು ಬರೆಯುವಾಗ ಅವಳ ಪೆನ್ನು ನಿಂತದ್ದು ಅದೇ ಮೊದಲು.

“ಸಕಲರಿಗೂ ಇಕ್ಕಿಲ್ಲ ಸಾರ್. ನಮ್ ತಾತ ಕೆಂಪಸಿದ್ದಯ್ಯ ವೈದ್ಯನಾಥಪುರದಿಂದ ಸೌದೆ ಒತ್ಕಂಡು ಬಂದು ಈ ಛತ್ರದ ಒಲೆಗೆ ಆಕ್ತಿದ್ರು. ಅದೇ ಒಲೇಲಿ ಬೆಂದ ಅನ್ನ. ಅವ್ರಿಗೆ ಮಾತ್ರ ಆ ಚರಂಡಿ ಆಚೆ ಕುಂಡ್ರಿಸಿ, ಎಲೆ ಮೇಲೆ ದೂರದಿಂದ ಸುರೀತಿದ್ರಂತೆ.”

ಸ್ವರೂಪನಿಗೆ ನಿಜವಾಗಿಯೂ ನೋವಾಯಿತು. ಒಂದು ಕ್ಷಣ ಕಣ್ಣುಮುಚ್ಚಿದ. “ಛೇ, ಪಾಪ. ಆದರೆ ಮೇಡಂ, ಪರಂಪರೆ ಅಂದಮೇಲೆ ಸ್ವಲ್ಪ ಪಾಸಿಟಿವ್ ಆಗಿರಬೇಕು. ಅದನ್ನೆಲ್ಲ ಹಾಕಿದರೆ ಓದೋರಿಗೆ ಬೇಜಾರಾಗುತ್ತೆ.”

ಅವಳು ‘ಸಕಲರಿಗೂ’ ಎಂದೇ ಬರೆದಳು. ಅವತ್ತು ಮಧ್ಯಾಹ್ನ ತಂದ ಬುತ್ತಿ ಹಾಗೆಯೇ ಮನೆಗೆ ವಾಪಸು ಹೋಯಿತು.

ಆಷಾಢದಲ್ಲಿ ಸ್ಥಳತನಿಖೆಗೆ ಒಬ್ಬ ಅಧಿಕಾರಿ ಬಂದರು. ಬೇರೆ ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದವರು, ಸಾಧು ಮನುಷ್ಯ. ಒಂದು ಕಡೆ ಜಯಪ್ರಕಾಶ್, ಇನ್ನೊಂದು ಕಡೆ ಸ್ವರೂಪ್, ನಡುವೆ ತನ್ನ ಮೇಜಿನ ಹಿಂದೆ ಅರುಂಧತಿ. ಸಾಹೇಬರು ಎರಡು ಅರ್ಜಿಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರು. ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

“ಎರಡೂ ತುಂಬಾ ಚೆನ್ನಾಗಿವೆ. ಇದನ್ನು ಓದಿದರೆ ಈಗಲೇ ಕೆಡವಬೇಕು ಅನ್ನಿಸುತ್ತೆ. ಅದನ್ನು ಓದಿದರೆ ಕಣ್ಣಲ್ಲಿ ನೀರು ಬರುತ್ತೆ. ಆದರೆ ಎರಡೂ ಒಂದೇ ಕೈಬರಹ ಅಲ್ಲವಾ?”

ಜಯಪ್ರಕಾಶ್ ಸ್ವರೂಪನನ್ನು ನೋಡಿದ, ಸ್ವರೂಪ್ ಗೋಡೆಯನ್ನು ನೋಡಿದ.

“ಕೈ ನಂದು ಸಾರ್” ಎಂದಳು ಅರುಂಧತಿ. “ಬಾಯಿ ಅವರವರ್ದು.”

ಸಾಹೇಬರು ನಕ್ಕರು. ಆಮೇಲೆ ಅವಳನ್ನು ಯಾರೂ ಕೇಳಿರದಿದ್ದ ಒಂದು ಮಾತು ಕೇಳಿಬಿಟ್ಟರು. “ನಿಮಗೇನನ್ನಿಸುತ್ತಮ್ಮ? ಇದು ಬೀಳುತ್ತಾ?”

ಅರುಂಧತಿ ತಲೆಯೆತ್ತಿ ತೊಲೆಗಳನ್ನು ನೋಡಿದಳು. “ಬೀಳಲ್ಲ ಸಾರ್. ನಮ್ಮನ್ನ ಅತ್ತಿಸ್ಕಂಡ್ರೆ ಬಿದ್ದೋಯ್ತದೆ ಅಂತಿದ್ರು, ಇಪ್ಪತ್ತಾರು ವರ್ಸ ಆಯ್ತು, ಒಂದು ನಾಡಂಚೂ ಜಾರಿಲ್ಲ.”

“ಬಾಯಿಮಾತು ಕಡತಕ್ಕೆ ಸೇರಲ್ಲ” ಎಂದರು ಸಾಹೇಬರು ವಿಷಾದದಿಂದ. “ಬರೆದು ಕೊಡಿ.”

ಆ ಸಂಜೆ ಮನೆಯಲ್ಲಿ ಅವಳು ಬಿಳಿಹಾಳೆಯ ಮುಂದೆ ಕೂತಳು. ‘ಇವರಿಗೆ’ ಬರೆದಳು, ‘ಇವರಿಂದ’ ಬರೆದಳು, ‘ಮಾನ್ಯರೇ’ ಬರೆದಳು. ‘ವಿಷಯ’ ಎಂದು ಬರೆದು ಎರಡು ಚುಕ್ಕಿ ಇಟ್ಟವಳಿಗೆ ಮುಂದೆ ಹೋಗಲಾಗಲಿಲ್ಲ. ಸಾವಿರಾರು ಜನರಿಗೆ ಏನು ಬೇಕೆಂದು ಎರಡು ಸಾಲಿನಲ್ಲಿ ಹೇಳಿದವಳಿಗೆ ತನಗೇನು ಬೇಕೆಂದು ಹೊಳೆಯದೆ ಹೋಯಿತು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಎಂಬತ್ತೆರಡರ ಅಪ್ಪ ಲಿಂಗಯ್ಯ ಕಡಲೆಕಾಯಿ ಸುಲಿಯುತ್ತ ಕೂತಿದ್ದ.

“ಅಪ್ಪ, ಛತ್ರ ಕೆಡವ್ಲಿ ಅನ್ಲೋ, ಬ್ಯಾಡ ಅನ್ಲೋ?”

“ಕೆಡವ್ಲಿ ಬುಡು. ನಮ್ಮಪ್ಪನ್ನ ನಾಯಿ ಕಂಡಂಗೆ ಕಂಡ ಜಾಗ.” ಲಿಂಗಯ್ಯ ಸ್ವಲ್ಪ ಹೊತ್ತು ಸುಲಿದ. ಮತ್ತೆ ತಾನಾಗಿಯೇ ಕೈ ನಿಲ್ಲಿಸಿದ. “ಅಲ್ಲಾ, ಕೆಡವ್ಬುಟ್ರೆ ಅವ್ರು ಅಂಗೆ ಮಾಡಿದ್ಕೆ ಸಾಕ್ಸಿ ಏನದೆ? ನೀನು ಅಲ್ಲೇ ಮೇಲೆ ಕುಂತ್ಕಂಡು ಬರ್ದಿದ್ಕಾದ್ರೂ ಏನದೆ? ಇರ್ಲಿ ಕಣವ್ವ. ಆ ಜಾಗ ಇರ್ಲಿ. ಇದ್ರೆ ಬಾಯ್ಬುಟ್ಟು ಏಳ್ಬೋದು.”

ಅರುಂಧತಿ ಪೆನ್ನು ಹಿಡಿದಳು. ‘ವಿಷಯ: ಬೆಲ್ಲದ ಛತ್ರವನ್ನು ಕೆಡವದೆ ಉಳಿಸಿ, ಅಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಗೋಡೆಯ ಮೇಲೆ ಬರೆಸುವ ಬಗ್ಗೆ.’ ತಾತನ ಸೌದೆಯ ಹೊರೆ, ಚರಂಡಿಯಾಚೆಯ ಎಲೆ, ತೊಂಬತ್ತೇಳರ ಮಳೆ, ಹನ್ನೊಂದು ಪ್ರತಿಗಳು, ಎಲ್ಲ ಬರೆದಳು. ಒಂದೂವರೆ ಪುಟದಲ್ಲಿ ಮುಗಿಯಿತು. ಓದಿ ಹೇಳಿದಾಗ ಲಿಂಗಯ್ಯ, “ಸರ್ಯಾಗದೆ” ಎಂದ. ಅವನು ಮಗಳ ಬರಹಕ್ಕೆ ಹಾಗೆಂದದ್ದು ಅಪರೂಪ.

ಮೂರು ತಿಂಗಳಿಗೆ ಆದೇಶ ಬಂತು. ಸಾಧು ಸಾಹೇಬರಿಗೆ ಅಷ್ಟರಲ್ಲಿ ಮತ್ತೆ ವರ್ಗವಾಗಿತ್ತು. ಬಂದ ಹೊಸಬರು ಕಡತವನ್ನು ಓದಿದ್ದರು, ತಮಗೆ ಬೇಕಾದಷ್ಟು. ‘ಸದರಿ ಕಟ್ಟಡವು ಅಸಮಾನತೆಯ ಆಚರಣೆಗೆ ಬಳಕೆಯಾಗಿದ್ದುದಾಗಿ ಉಲ್ಲೇಖ ಮೂರರಲ್ಲಿ ಶ್ರೀಮತಿ ಅರುಂಧತಿಯವರು ವಿವರವಾಗಿ ತಿಳಿಸಿರುತ್ತಾರೆ. ಇಂತಹ ಕಳಂಕದ ಕುರುಹನ್ನು ಉಳಿಸಿಕೊಳ್ಳುವುದು ಸಾರ್ವಜನಿಕ ಹಿತಾಸಕ್ತಿಗೆ ಪೂರಕವಲ್ಲವಾದ್ದರಿಂದ, ಅರ್ಜಿದಾರರ ಭಾವನೆಗಳನ್ನು ಗೌರವಿಸಿ, ತೆರವುಗೊಳಿಸಲು ಅನುಮತಿ ನೀಡಿದೆ.’

ಜಯಪ್ರಕಾಶ್ ಆದೇಶದ ಪ್ರತಿ ಬೀಸಿಕೊಂಡೇ ಬಂದ. “ಅರುಂಧತಮ್ಮೋ! ನಂದೂ ಬ್ಯಾಡ, ಅವಂದೂ ಬ್ಯಾಡ ಅಂತ ಆಯ್ತು. ಕೊನೆಗೆ ನೀನು ಬರ್ದಿದ್ದೇ ಕೆಲ್ಸ ಮಾಡ್ತು ನೋಡು!”

“ನಾನು ಕೆಡವ್ಬ್ಯಾಡಿ ಅಂತ ಬರ್ದಿದ್ದು ಜಯಣ್ಣ.”

“ಅದು ವಿಷಯದಾಗೆ ಅದೆ. ಅವ್ರು ವಿವರ ಓದವ್ರೆ.”

ಜೀವಮಾನದಲ್ಲಿ ಮೊದಲ ಬಾರಿಗೆ ಅವಳ ಅರ್ಜಿಯೊಂದಕ್ಕೆ ಇಷ್ಟು ಬೇಗ ಲಿಖಿತ ಆದೇಶ ಹೊರಟಿತ್ತು. ಜಯಪ್ರಕಾಶ್ ಅವಳಿಗೆ ಶಾಲು ಹೊದಿಸಿ ‘ಸಾಮಾಜಿಕ ನ್ಯಾಯದ ದನಿ’ ಎಂದು ಸನ್ಮಾನಿಸುವ ಸಮಾರಂಭ ಇಟ್ಟುಕೊಂಡ. ಅವಳು ಹೋಗಲಿಲ್ಲ. ಹೋಗದಿದ್ದರೂ ಸನ್ಮಾನ ನಡೆಯಿತು. ಊರ ಪತ್ರಿಕೆಯೊಂದರಲ್ಲಿ ಅವಳ ಹಳೆಯ ಫೋಟೊ, ಪಕ್ಕದಲ್ಲಿ ಕೈಮುಗಿದ ಜಯಪ್ರಕಾಶನ ಹೊಸ ಫೋಟೊ. ಮೇಲ್ಮನವಿ ಬರೆದಳು. ಆದೇಶದ ದಿನದಿಂದ ಮೂವತ್ತು ದಿನದೊಳಗೆ ಸಲ್ಲಿಸಬೇಕಿತ್ತು ಎಂದು ಉತ್ತರ ಬಂತು. ಆದೇಶವೇ ಅವಳ ಕೈ ಸೇರಿದ್ದು ನಲವತ್ತೊಂದನೆಯ ದಿನ.

ಸ್ವರೂಪ್ ಬಂದು ಎಲ್ಲರೆದುರಿಗೆ, “ನೀವೇ ಕೆಡಿಸಿದ್ರಿ ಮೇಡಂ. ಪಾಸಿಟಿವ್ ಆಗಿರಿ ಅಂತ ಎಷ್ಟು ಹೇಳಿದೆ” ಎಂದು ಗದರಿ ಹೋದ. ವೇದಿಕೆಯವರು ಒಂದು ಭಾನುವಾರ ಛತ್ರದ ಮುಂದೆ ಕಪ್ಪು ಪಟ್ಟಿ ಕಟ್ಟಿಕೊಂಡು ಫೋಟೊ ತೆಗೆಸಿಕೊಂಡರು. ಅದಾದ ವಾರಕ್ಕೆ ಒಂದು ಒಪ್ಪಂದವಾಯಿತು. ಛತ್ರದ ಆರು ಕಂಬಗಳನ್ನು ಜೋಪಾನವಾಗಿ ಬಿಡಿಸಿ ವೈಕುಂಠ ಲೇಔಟಿನ ಮುಖ್ಯದ್ವಾರಕ್ಕೆ ನಿಲ್ಲಿಸುವುದು, ಆ ಕೆಲಸ ಸ್ವರೂಪನ ಕಂಪನಿಯೇ ಮಾಡುವುದು. ಪರಂಪರೆ ಉಳಿಯಿತೆಂದು ಎರಡೂ ಕಡೆಯವರು ಸಿಹಿ ಹಂಚಿಕೊಂಡರು.

ಕೆಡವುವ ಹಿಂದಿನ ದಿನ ಲಿಂಗಯ್ಯ ಮಗಳಿಗೆ ಬುತ್ತಿ ತಂದ. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಸಲ ತಂದಿದ್ದಾನೆ. ಪ್ರತಿ ಸಲವೂ ಬೀದಿಯಲ್ಲೇ ನಿಂತು, ಜಗುಲಿಯ ಅಂಚಿಗೆ ಡಬ್ಬಿ ಇಟ್ಟು, ಎರಡು ಮಾತಾಡಿ ಹೋಗುವವನು. ಯಾರೂ ಬೇಡವೆಂದಿರಲಿಲ್ಲ. ಅವನ ಕಾಲೇ ಮೇಲೇಳುತ್ತಿರಲಿಲ್ಲ.

“ಅಪ್ಪ, ಬಾ ಮೇಲಕ್ಕೆ. ನಾಳೆ ಇರಲ್ಲ ಇದು.”

ಲಿಂಗಯ್ಯ ಆಚೆ ಈಚೆ ನೋಡಿದ. ಚಪ್ಪಲಿ ಬಿಟ್ಟ. ಅರುಂಧತಿ ಕೈ ಕೊಟ್ಟು ಹತ್ತಿಸಿಕೊಂಡಳು. ಗೋಡೆಗೆ ಬೆನ್ನು ಕೊಟ್ಟು ಕೂತವನು ಅಂಗೈಯಿಂದ ನೆಲವನ್ನು ಮೆಲ್ಲಗೆ ಸವರಿದ.

“ಕಲ್ಲು ತಣ್ಣಗದೆ ಕಣವ್ವ” ಎಂದ. “ಇಷ್ಟ್ ತಣ್ಣಗಿದ್ದದ್ದು ಗೊತ್ತಿರ್ನಿಲ್ಲ.” ಅಪ್ಪ ಮಗಳು ಅಲ್ಲೇ ಡಬ್ಬಿ ಬಿಚ್ಚಿ ಮುದ್ದೆ ಉಂಡರು.

ಯಾವುದೇ ಕ್ಷಣದಲ್ಲಿ ಬೀಳಲಿದ್ದ ಕಟ್ಟಡ ಬೀಳಲು ಒಂಬತ್ತು ದಿನ ತೆಗೆದುಕೊಂಡಿತು. ಮೊದಲ ದಿನವೇ ಜೆಸಿಬಿಯ ಎರಡು ಹಲ್ಲು ಮುರಿದವು. ಗಾರೆ ಗೋಡೆ ಪುಡಿಯಾಗುವ ಬದಲು ಬಂಡೆಬಂಡೆಯಾಗಿ ಬಿಟ್ಟುಕೊಳ್ಳುತ್ತಿತ್ತು. ನಾಲ್ಕನೆಯ ದಿನ ಚಾಲಕ ಇಳಿದು ಬಂದು, “ಯಾರ್ಲಾ ಇದ್ನ ಸಿಥಿಲ ಅಂತ ಬರ್ದವ್ನು?” ಎಂದು ಸಿಟ್ಟಿನಿಂದ ಕೇಳಿದ. ಎದುರು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ ಅರುಂಧತಿ, “ನಾನೇ ಕಣಪ್ಪ” ಎಂದಳು. ಅವನು ತಮಾಷೆ ಎಂದುಕೊಂಡು ನಕ್ಕು ಗಾಡಿ ಹತ್ತಿದ.

ಕಚೇರಿ ಸಾರ್ವಜನಿಕರ ಅನುಕೂಲಕ್ಕಾಗಿ ಸಾರ್ವಜನಿಕರಿಂದ ಆರು ಕಿಲೋಮೀಟರು ದೂರ ಹೋಯಿತು. ಮೇಜು ಆಟೊದ ಮೇಲೆ ಹಾಕಿಸಿಕೊಂಡು ಅರುಂಧತಿಯೂ ಹೋದಳು. ಗೇಟಿನಲ್ಲಿ ಸಮವಸ್ತ್ರದವನು ಕೈ ಅಡ್ಡ ಇಟ್ಟ.

“ಅರ್ಜಿ ಬರ್ಯೋರು ಒಳಗೆ ಕೂರಂಗಿಲ್ಲಮ್ಮ. ರೆಸಿಡೆಂಟ್ಸ್‌ಗೆ ಡಿಸ್ಟರ್ಬ್ ಆಯ್ತದಂತೆ.”

“ರೆಸಿಡೆಂಟ್ಸ್ ಎಲ್ಲವ್ರೆ?”

ಅವನು ತಿರುಗಿ ನೋಡಿದ. ಬಿಳಿ ಕಲ್ಲುಗಳ ನಡುವೆ ಕುರಿಗಳಷ್ಟೇ ಇದ್ದವು. “ಬತ್ತಾರೆ” ಎಂದ, ಅವನಿಗೂ ನಾಚಿಕೆಯಾಗಿ.

ಅರುಂಧತಿ ಅದೇ ಆಟೊದಲ್ಲಿ ಪೇಟೆಗೆ ಮರಳಿದಳು. ಜೆರಾಕ್ಸ್ ಅಂಗಡಿಯ ಕೆಂಪಯ್ಯ ತನ್ನ ಮೆಷಿನ್ನನ್ನು ಒಂದಡಿ ಸರಿಸಿ, “ಇಲ್ಲೇ ಕುಂತ್ಕೊ ಬಾರಕ್ಕ, ಇಬ್ರೂ ಕಾಗ್ದದೋರೇ” ಎಂದ. ಛತ್ರದ ಜಾಗದಲ್ಲಿ ‘ಶೀಘ್ರದಲ್ಲೇ ವಾಣಿಜ್ಯ ಸಂಕೀರ್ಣ’ ಎಂಬ ಫ್ಲೆಕ್ಸು ಎರಡು ಮಳೆಗಾಲ ನೋಡಿ ಹರಿಯಿತು. ಅಲ್ಲಿ ಈಗ ಬೈಕುಗಳು ನಿಲ್ಲುತ್ತವೆ. ಜನ ಮೊದಲು ಅವಳ ಹತ್ತಿರ ಬರೆಸಿಕೊಂಡು, ಆಟೊ ಹಿಡಿದು ಲೇಔಟಿಗೆ ಹೋಗಿ, ಏನೋ ಬಿಟ್ಟುಹೋಗಿದೆ ಎಂದು ಅಲ್ಲಿ ಹೇಳಿಸಿಕೊಂಡು ಮತ್ತೆ ಅವಳ ಹತ್ತಿರ ಬರುತ್ತಾರೆ. ಆಟೊದವರ ಕೈ ತುಂಬ ಕೆಲಸ.

ಒಂದು ಬದಲಾವಣೆ ಮಾತ್ರ ಆಯಿತು. ಬರೆದಾದ ಮೇಲೆ ಅವಳು ಈಗ ಗಟ್ಟಿಯಾಗಿ ಓದಿ, “ಇದು ನಿಜ ತಾನೆ?” ಎಂದು ಕೇಳುತ್ತಾಳೆ. ಹಲವರು ಈ ಪ್ರಶ್ನೆಗೆ ತಡವರಿಸುತ್ತಾರೆ. ಕೆಲವರು ಸಿಟ್ಟಾಗಿ ಬೇರೆ ಕಡೆ ಹೋಗುತ್ತಾರೆ.

ಮೊನ್ನೆ ಸ್ವರೂಪ್ ಬಂದಿದ್ದ. ಅವನೂ ಮನೆ ಮಾಡಿಕೊಂಡಿರುವ ವೈಕುಂಠ ಲೇಔಟಿನಲ್ಲಿ ಈಗ ಇಪ್ಪತ್ತು ಮನೆಗಳಾಗಿವೆಯಂತೆ, ಯಾರಿಗೆ ಯಾರ ಮುಖವೂ ಗೊತ್ತಿಲ್ಲವಂತೆ, ಮದುವೆ ಮುಂಜಿಗೆ, ಸುಮ್ಮನೆ ಸಂಜೆ ಕೂರುವುದಕ್ಕೂ ಒಂದು ಜಾಗವಿಲ್ಲವಂತೆ. ಸರ್ಕಾರಿ ಜಮೀನಿನಲ್ಲಿ ಸಮುದಾಯ ಭವನ ಬೇಕಿತ್ತು.

“ಹಳೇ ಶೈಲಿಯಲ್ಲಿ ಇರಲಿ ಮೇಡಂ. ಉದ್ದಕ್ಕೆ ಜಗುಲಿ, ಒಳಗೆ ತೊಟ್ಟಿ.”

“ಯಾರ್ ಯಾರು ಬರ್ಬೋದು ಸಾರ್ ಅದ್ರೊಳಿಕ್ಕೆ?”

“ನಮ್ಮ ಲೇಔಟಿನವರು. ಹೊರಗಿನವರನ್ನು ಬಿಟ್ಟರೆ ಮೇಂಟೇನ್ ಮಾಡೋಕಾಗಲ್ಲ.”

ಅರುಂಧತಿ ತಲೆಯಾಡಿಸಿ ಬರೆದಳು, ಗಟ್ಟಿಯಾಗಿ ಓದಿದಳು. ‘ವಿಷಯ: ಸರ್ಕಾರಿ ಜಮೀನಿನಲ್ಲಿ, ಹೊರಗಿನ ಯಾರನ್ನೂ ಒಳಗೆ ಬಿಡದ ಸಮುದಾಯ ಭವನವನ್ನು ಕಟ್ಟಿಸಿಕೊಡುವ ಬಗ್ಗೆ.’

“ಹಾಗೆ ಬರೆದರೆ ಹೇಗೆ ಮೇಡಂ!”

“ನಿಜ ತಾನೆ ಸಾರ್?”

ಸ್ವರೂಪ್ ಹಾಳೆಯನ್ನು ತೆಗೆದುಕೊಂಡ, ಮಡಚಿದ, ಬಿಚ್ಚಿದ. ಆ ಸಾಲನ್ನು ತೆಗೆಸಲೋ, ಬಾಗಿಲು ತೆಗೆಸಲೋ ಎಂದು ಅವನಿಗೇ ತಿಳಿಯದೆ, ವೇದಿಕೆಯವರನ್ನು ಕೇಳಿ ಬರುತ್ತೇನೆಂದು ಎದ್ದು ಹೋದ. ಕೆಂಪಯ್ಯ ಮೆಷಿನ್ನಿನ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದ. ಹಳ್ಳಿಯ ಬಸ್ಸಿಳಿದು ಬಂದ ಮುದುಕಿಯೊಬ್ಬಳು ಬಾಗಿಲಲ್ಲೇ ಚಪ್ಪಲಿ ಬಿಡಲು ಹೋದಳು.

“ಚಪ್ಪಲಿ ಇರ್ಲಿ ಬಾರವ್ವ, ಒಳಿಕ್ಕೆ ಬಂದು ಕುಂತ್ಕೊ” ಎಂದು ಅರುಂಧತಿ ಹೊಸ ಹಾಳೆ ತೆಗೆದಳು.